ಮಲಗಿದ ಗೋವಿನಜೋಳ ಎದ್ದು ನಿಲ್ಲೋದು ಹೆಂಗ?

ಮುಂಗಾರಿನ ನಡುವೆ ಒಂದು ರಾತ್ರಿ ಗಾಳಿ-ಮಳೆ ಜೋರಾಗಿ ಹೊಡೆದರೆ ಸಾಕು, ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆಯ ಹೊಲಗಳಲ್ಲಿ ಗೋವಿನಜೋಳ ಚಾಪೆ ಹಾಸಿದಂಗ ಮಲಗಿಬಿಡುತ್ತದೆ. ಬದುವಿನ ಮೇಲೆ ನಿಂತ ರೈತರಿಗೆ ಒಂದೇ ಚಿಂತೆ: ಇದು ಏಳ್ತದೋ, ಇಲ್ಲೋ?

ಗಂಡುಹೂ ಬರುವ ಮುನ್ನ ಬಿದ್ದ ಬೆಳೆ, ಬೇರು ಪೂರ್ತಿ ಕಿತ್ತಿರದಿದ್ದರೆ, ಕೆಲವು ದಿನಗಳಲ್ಲಿ ತಾನೇ ತಲೆ ಎತ್ತುತ್ತದೆ. ಹೂ ಬಂದ ಮೇಲೆ ಬಿದ್ದದ್ದು ಅಷ್ಟಾಗಿ ಏಳುವುದಿಲ್ಲ. ಯಾಕೆ? ಕಂಟ್ರೋಲ್ ಸಿಸ್ಟಮ್ಸ್ ಓದುವ ನಮಗೆ ಇದು ಪರಿಚಯದ ಲೆಕ್ಕವೇ.

ಮೊದಲು ಸೆನ್ಸರ್. ಕಾಂಡದ ಕೆಲವು ಜೀವಕೋಶಗಳ ಒಳಗೆ ಪಿಷ್ಟದ ಸಣ್ಣ ಕಣಗಳಿರುತ್ತವೆ. ಗಿಡ ಅಡ್ಡಬಿದ್ದ ಕೂಡಲೇ ಅವು ಡಬ್ಬಿಯೊಳಗಿನ ಗೋಲಿಗಳಂತೆ ಜಾರಿ ಹೊಸ ತಳಕ್ಕೆ ಬಂದು ಕೂಡುತ್ತವೆ. ಕೆಳಗು ಯಾವ ಕಡೆ ಅಂತ ಗಿಡಕ್ಕೆ ತಿಳಿಯುವುದು ಹೀಗೆ.

ಇನ್ನು ಆಕ್ಚುಯೇಟರ್. ಗಿಡಕ್ಕೆ ಸ್ನಾಯು ಇಲ್ಲ, ಮೋಟಾರೂ ಇಲ್ಲ. ಇರುವುದು ಬೆಳವಣಿಗೆ ಒಂದೇ. ಆಕ್ಸಿನ್ ಎಂಬ ಹಾರ್ಮೋನು ಕೆಳಮಗ್ಗುಲಿಗೆ ಹೆಚ್ಚು ಸೇರುತ್ತದೆ. ಗಿಣ್ಣಿನ ಹತ್ತಿರ ಆ ಬದಿಯ ಕೋಶಗಳು ಮೇಲ್ಬದಿಯವಕ್ಕಿಂತ ಹೆಚ್ಚು ಉದ್ದ ಬೆಳೆಯುತ್ತವೆ, ಕಾಂಡ ಮೇಲಕ್ಕೆ ಬಾಗುತ್ತದೆ. ಎದ್ದ ಬೆಳೆಯ ಬುಡ ಸೊಟ್ಟಗೆ ಉಳಿಯುವುದು ಅದಕ್ಕೇ. ಕಾಂಡ ಬಲಿತು ಗಟ್ಟಿಯಾದ ಮೇಲೆ ಸೆನ್ಸರ್ ಇದ್ದರೂ ಆಕ್ಚುಯೇಟರ್ ಕೆಲಸ ಮಾಡದು.

ಆದರೆ ಏಳುವ ಗಿಡ ನೆಟ್ಟಗಾದ ಮೇಲೆ ಆಚೆ ಬದಿಗೆ ಯಾಕೆ ವಾಲುವುದಿಲ್ಲ? 2013ರಲ್ಲಿ ಫ್ರಾನ್ಸಿನ ಬ್ರೂನೋ ಮೂಲಿಯಾ ಮತ್ತು ಸಂಗಡಿಗರು 11 ಜಾತಿಯ ಸಸ್ಯಗಳನ್ನು ನೋಡಿ ಇದಕ್ಕೆ ಲೆಕ್ಕ ಕಟ್ಟಿದರು. ಭೂಮಿಯ ಸೆಳೆತವೊಂದನ್ನೇ ಗ್ರಹಿಸುವ ಗಿಡ, ಅವರ ಲೆಕ್ಕದಲ್ಲಿ, ಅತ್ತಿತ್ತ ತೂಗುತ್ತಲೇ ಇರುತ್ತದೆ. ತಾನು ಎಷ್ಟು ಬಾಗಿದ್ದೇನೆ ಎಂಬುದನ್ನೂ ಗ್ರಹಿಸಿ, ಆ ಬಾಗನ್ನು ನೇರ ಮಾಡಿಕೊಂಡರೆ ಮಾತ್ರ ಅದು ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರ, ಗಿಡದೊಳಗೆ ಡ್ಯಾಂಪಿಂಗ್ ಐತಿ.

ಬೀಳುವ ಮುಂಚೆಯೂ ಇಂಥದ್ದೇ ಲೆಕ್ಕ ನಡೆದಿರುತ್ತದೆ. ಪಕ್ಕದ ಗಿಡದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಯ ಬೆಳಕನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಫೈಟೋಕ್ರೋಮ್ ಎಂಬ ಪ್ರೋಟೀನು ಈ ಪ್ರಮಾಣವನ್ನು ಗುರುತಿಸುತ್ತದೆ. 'ನೆರೆಯವರು ಬಂದರು, ನೆರಳಾಗ್ತದ' ಎಂಬ ಸುದ್ದಿ ಸಿಕ್ಕ ಗಿಡ ಎತ್ತರಕ್ಕೆ ಓಡುತ್ತದೆ, ಕಾಂಡ ಸಣ್ಣದಾಗುತ್ತದೆ. ತೀರಾ ಒತ್ತಾಗಿ ಬಿತ್ತಿದ ಹೊಲ ಗಾಳಿಗೆ ಬೇಗ ಮಲಗಲು ಇದೂ ಒಂದು ಕಾರಣ.

ಬೆಳವಣಿಗೆಯ ಈ ಶಕ್ತಿಗೂ ಮಿತಿ ಇದೆ. ಸವಣೂರಿನ ಮೂರು ದೊಡ್ಡಹುಣಸೆ ಮರಗಳನ್ನು ಕೇಳಿದ್ದೀರಲ್ಲ, ಆಫ್ರಿಕಾ ಮೂಲದ ಬಾವೋಬಾಬ್? ಅವುಗಳಲ್ಲೊಂದು 2023ರ ಜುಲೈ ಮಳೆಯಲ್ಲಿ ಬುಡಸಮೇತ ಉರುಳಿತು. ಅಂಥ ದಪ್ಪ ಬೊಡ್ಡೆ ಗೋವಿನಜೋಳದಂತೆ ತಾನೇ ಏಳಲಾರದು. ಯಂತ್ರ ತರಿಸಿ ಎತ್ತಿ ನಿಲ್ಲಿಸಿದರು.

ಹಾಗಾಗಿ ಊರಿಗೆ ಹೋದಾಗ ಎಳೆಯ ಗೋವಿನಜೋಳ ಮಲಗಿದ್ದು ಕಂಡರೆ ಕೈಯಿಂದ ಎತ್ತಿ ನಿಲ್ಲಿಸಲು ಹೋಗಬೇಡ್ರಿ. ಉಳಿದ ಬೇರೂ ಹರಿದೀತು, ಕಾಂಡ ಮುರಿದೀತು. ನಿಂತ ನೀರು ಬಸಿದುಹೋಗಲು ದಾರಿ ಮಾಡಿಕೊಟ್ಟು ನಾಲ್ಕು ದಿನ ಕಾಯ್ರಿ. ಉಳಿದ ಲೆಕ್ಕ ಗಿಡವೇ ಮಾಡುತ್ತದೆ.