ಸೈಕಲ್ ಸವಾರರ ಪ್ಯಾಂಟು ಹರಿಯುವುದೆಲ್ಲಿ?

ದಿನಾ ಸೈಕಲ್ ತುಳಿಯುವವರ ಪ್ಯಾಂಟು ಮಂಡಿಯಲ್ಲಿ ಹರಿಯುವುದು ಅಪರೂಪ. ಕಾಲಂಚು ಚೈನಿಗೆ ಸಿಕ್ಕು ಕಪ್ಪಾದೀತು, ಹಿಂದಿನ ಜೇಬಿನ ಮೂಲೆ ಪರ್ಸಿನ ಒತ್ತಡಕ್ಕೆ ಸವೆದೀತು. ಆದರೆ ಪ್ಯಾಂಟು ಕಡೆಗೆ ಕೈಕೊಡುವುದು ಕೂರುವ ಜಾಗದಲ್ಲಿ, ಎರಡೂ ತೊಡೆ ಸೇರುವ ಮೂಲೆಯಲ್ಲಿ. ಅದೂ ಹೇಳಿ ಕೇಳಿ ಅಲ್ಲ. ಆಫೀಸಿನ ಮೆಟ್ಟಿಲು ಹತ್ತುವಾಗ ಎಲ್ಲಿಂದಲೋ ತಣ್ಣನೆಯ ಗಾಳಿ ಆಡಿದಂತಾದಾಗಲೇ ವಿಷಯ ತಿಳಿಯುವುದು.

ಮಹಾರಾಷ್ಟ್ರದ ಸಾಂಗ್ಲಿಯ ಸವಾರರನ್ನೇ ನೋಡಿ. ಸಾಂಗ್ಲಿಯಿಂದ ಮಿರಜಿಗೆ ಸುಮಾರು 10 ಕಿಲೋಮೀಟರು. ನಡುದಾರಿಯ ವಿಶ್ರಾಮಬಾಗಿನಲ್ಲಿ 1919ರಲ್ಲಿ ಶುರುವಾದ ವಿಲಿಂಗ್ಡನ್ ಕಾಲೇಜು, 1947ರ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಇವೆ. ಪಕ್ಕದಲ್ಲಿ ಕುಪವಾಡದ ಕಾರ್ಖಾನೆಗಳು, ಆ ತುದಿಗೆ ಮಿರಜಿನ ದವಾಖಾನೆಗಳು ಮತ್ತು ರೈಲ್ವೆ ಜಂಕ್ಷನ್. 1998ರಲ್ಲಿ ಮೂರೂ ಊರು ಒಂದೇ ಮಹಾನಗರಪಾಲಿಕೆಯಾದವು. ಕೃಷ್ಣೆಯ ಬಯಲಾದ್ದರಿಂದ ದೊಡ್ಡ ಏರು ಇಳಿಜಾರು ಇಲ್ಲ, ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲ. ಗೇರಿಲ್ಲದ ಸಾದಾ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ 5 ಮೀಟರು ಚಿಲ್ಲರೆ ಮುಂದೆ ಹೋಗುತ್ತದೆ. ಸಾಂಗ್ಲಿಯಿಂದ ಮಿರಜಿಗೆ ಹೋಗಿಬರುವವರು ದಿನಕ್ಕೆ ನಾಲ್ಕು ಸಾವಿರದ ಹತ್ತಿರ ಸುತ್ತು ತುಳಿದಂತಾಯಿತು. ಅಷ್ಟೂ ಸಲ ಒಳತೊಡೆಯ ಬಟ್ಟೆ ಸೀಟಿನ ಮೂತಿಗೆ ಉಜ್ಜುತ್ತದೆ. ವರ್ಷಕ್ಕೆ 250 ದಿನ ಕೆಲಸವೆಂದರೂ ಉಜ್ಜಾಟ ಹತ್ತು ಲಕ್ಷದ ಸಮೀಪ ಬರುತ್ತದೆ. ಹೀಗಿರುವಾಗ ಪ್ಯಾಂಟು ಆರು ತಿಂಗಳಿಗೆ ಹರಿಯಿತೆಂದು ಅಂಗಡಿಯವನನ್ನು ಬೈಯುವುದು ಅಷ್ಟು ನ್ಯಾಯವಲ್ಲ.

ಬೈಯಬೇಕಾದದ್ದು ಕತ್ತರಿಯನ್ನು. ಸಾಮಾನ್ಯ ಪ್ಯಾಂಟು ನಾಲ್ಕು ತುಂಡಿನದು: ಮುಂದೆರಡು, ಹಿಂದೆರಡು. ನಾಲ್ಕರ ಹೊಲಿಗೆಯೂ ಬಂದು ಕೂಡುವುದು ಒಂದೇ ಬಿಂದುವಿನಲ್ಲಿ, ನಾವು ಸೀಟಿನ ಮೇಲೆ ಭಾರ ಹಾಕುವ ಅದೇ ಬಿಂದುವಿನಲ್ಲಿ. ಮೇಲಾಗಿ ಟೈಲರು ಅಳತೆ ತೆಗೆಯುವುದು ನಿಂತ ಮನುಷ್ಯನದು. ಅದೇ ಮನುಷ್ಯ ಹ್ಯಾಂಡಲ್ ಹಿಡಿದು ಮುಂದೆ ಬಾಗಿದರೆ ಬೆನ್ನ ಕೆಳಗೆ ಬಟ್ಟೆ ಸಾಲದೆ ಹಿಂಬದಿಯ ಸೊಂಟಪಟ್ಟಿ ಕೆಳಗೆ ಜಾರುತ್ತದೆ, ಮುಂದೆ ಅದೇ ಪಟ್ಟಿ ಹೊಟ್ಟೆಗೆ ಒತ್ತುತ್ತದೆ. ಮಡಚಿದ ಮಂಡಿ ತೊಡೆಯ ಬಟ್ಟೆಯನ್ನೂ ಎಳೆಯುತ್ತದೆ. ಈ ಎಳೆತವೆಲ್ಲ ಸೇರಿ ನಡುಹೊಲಿಗೆಯ ಮೇಲೆ ಬೀಳುತ್ತದೆ. ಸೊಂಟ 34 ಇದ್ದವರು 36 ಕೊಂಡರೂ ಇದು ಬಗೆಹರಿಯದು, ಬೆಲ್ಟು ಬಿಗಿಯಬೇಕಾಗುತ್ತದೆ ಅಷ್ಟೆ. ಕೊರತೆ ಇರುವುದು ಸೊಂಟದ ಸುತ್ತಳತೆಯಲ್ಲಿ ಅಲ್ಲ, ತೊಡೆಸಂದಿಯಿಂದ ಹಿಂಬದಿಯ ಸೊಂಟಪಟ್ಟಿವರೆಗಿನ ಎತ್ತರದಲ್ಲಿ.

ತಮಾಷೆಯೆಂದರೆ, ಈ ಸೀಮೆಯ ಹಳೇ ಉಡುಪುಗಳಿಗೆ ಈ ತೊಂದರೆಯೇ ಇರಲಿಲ್ಲ. ಮುಂದೆ ದೊಡ್ಡ ಉದ್ಯಮಿಯಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅಣ್ಣ ರಾಮಚಂದ್ರರಾಯರ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದು 1888ರಲ್ಲಿ. ಆ ಕಾಲದಲ್ಲಿ ಬೆಳಗಾವಿಯಿಂದ ಸಾಂಗ್ಲಿವರೆಗೆ ಗಂಡಸರ ಉಡುಪು ಧೋತರ. ಕಚ್ಚೆ ಹಾಕಿ ಉಟ್ಟ ಧೋತರದಲ್ಲಿ ಕೂರುವ ಜಾಗಕ್ಕೆ ಹೊಲಿಗೆಯೇ ಇಲ್ಲ, ಮೆತ್ತಗಿನ ಮಡಿಕೆಗಳಷ್ಟೇ. ಚೈನಿಗೆ ಸಿಕ್ಕದಂತೆ ಅಂಚನ್ನು ಎತ್ತಿಕಟ್ಟಿದರೆ ಮುಗಿಯಿತು. ಜತ್ತದ ಕಡೆ, ಮಿರಜ್ ತಾಲ್ಲೂಕಿನ ಗಡಿ ಹಳ್ಳಿಗಳ ಕಡೆ ಕನ್ನಡ ಮಾತಾಡುವ ಹಿರಿಯ ರೈತರಲ್ಲಿ ಧೋತರ, ಪೈಜಾಮ ಇನ್ನೂ ಮರೆಯಾಗಿಲ್ಲ.

ಪೈಜಾಮ ಇನ್ನೂ ಜಾಣ ಉಡುಪು. ಅದರ ಎರಡೂ ಕಾಲು ಸೇರುವಲ್ಲಿ ಹಳೇ ದರ್ಜಿಗಳು ಒಂದು ಚೌಕದ ತುಂಡನ್ನು ಮೂಲೆ ತಿರುಗಿಸಿ ಕೂಡಿಸುತ್ತಿದ್ದರು. ಕೆಲವರು ಅದನ್ನು ಮಿಯಾನಿ ಎನ್ನುತ್ತಾರೆ. ಆ ಪುಟ್ಟ ತುಂಡು ನಾಲ್ಕು ಹೊಲಿಗೆಗಳನ್ನು ಒಂದೇ ಬಿಂದುವಿನಲ್ಲಿ ಸೇರಲು ಬಿಡುವುದಿಲ್ಲ. ಕಾಲು ಅಗಲಿಸಿದಾಗ ಬೇಕಾದ ಬಟ್ಟೆಯನ್ನೂ ಅದೇ ಒದಗಿಸುತ್ತದೆ. ಸಲ್ವಾರಿನ ಗುಟ್ಟೂ ಇದೇ. ಹೊರದೇಶದ ಕಂಪನಿಗಳು ಈಗ ಸೈಕಲ್ ಪ್ಯಾಂಟೆಂದು ದುಬಾರಿ ಬೆಲೆಗೆ ಮಾರುವ ಸರಕಿನ ಮುಖ್ಯ ವಿಶೇಷವೂ ಈ ಚೌಕದ ತುಂಡೇ.

ಜೀನ್ಸ್ ಗಟ್ಟಿಯಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಟ್ಟೆಯೇನೋ ಗಟ್ಟಿ. ರೀನೋ ಪಟ್ಟಣದ ಟೈಲರ್ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರೌಸ್ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಹೊಡೆಯುವ ಪೇಟೆಂಟ್ ಪಡೆದದ್ದು 1873ರ ಮೇ 20ರಂದು. ಅದು ದುಡಿಯುವವರ ಉಡುಪು, ಆದರೆ ಕೂತು ದುಡಿಯುವವರದಲ್ಲ. ಹಿಂಜೇಬಿನ ರಿವೆಟ್ಟು ಕುದುರೆಯ ಜೀನನ್ನೂ ಕುರ್ಚಿಯನ್ನೂ ಗೀರುತ್ತದೆಂಬ ದೂರು ಬಂದು 1937ರಲ್ಲಿ ಅದನ್ನು ಬಟ್ಟೆಯೊಳಗೆ ಮುಚ್ಚಬೇಕಾಯಿತು. ಜೀನ್ಸಿನ ಹೊಲಿಗೆ ಬಟ್ಟೆಯನ್ನು ಒಂದರೊಳಗೊಂದು ಮಡಚಿ ಹಾಕುವಂಥದ್ದು. ನಾಲ್ಕು ದಿಕ್ಕಿನಿಂದ ಅಂಥ ಹೊಲಿಗೆ ಬಂದು ಕೂಡಿದರೆ ಪದರದ ಮೇಲೆ ಪದರ ಕೂತು ಗಂಟಾಗುತ್ತದೆ, ಸವಾರನ ಭಾರವೆಲ್ಲ ಆ ಗಂಟಿನ ಮೇಲೆ. 2011ರಲ್ಲಿ ಅದೇ ಲೀವೈಸ್ ಸೈಕಲ್ ಸವಾರರಿಗೆಂದೇ ‘ಕಮ್ಯೂಟರ್’ ಎಂಬ ಸಾಲು ತಂದಾಗ ಹಿಂಬದಿಯ ಸೊಂಟ ಎತ್ತರಿಸಿ, ಕಾಲಂಚು ಮಡಚಿದರೆ ಹೊಳೆಯುವ ಪಟ್ಟಿ ಕಾಣುವಂತೆ ಮಾಡಿತು. ಹಾಗೆಂದು ಸಾದಾ ಜೀನ್ಸ್ ಬಿಸಾಡಬೇಕಿಲ್ಲ. ನಾಲ್ಕೈದು ಕಿಲೋಮೀಟರಿಗೆ ನಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಅದರ ಗೋಳು ಬೇಡ. ನೆನೆದ ದಪ್ಪ ಹತ್ತಿ ಸಂಜೆಯಾದರೂ ಒಣಗದು, ಒದ್ದೆ ಬಟ್ಟೆ ಚರ್ಮಕ್ಕೆ ಉಜ್ಜಿದರೆ ತೊಡೆ ಕೆಂಪಾಗುತ್ತದೆ.

ಬಟ್ಟೆಯ ವಿಚಾರಕ್ಕೆ ಬಂದರೆ ಸಾಂಗ್ಲಿ–ಮಿರಜಿನವರು ಅದೃಷ್ಟವಂತರು. ಸುಮಾರು 30 ಕಿಲೋಮೀಟರಿನಲ್ಲೇ ಇಚಲಕರಂಜಿ ಇದೆ. ಅಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ಈಗ ಓಣಿಗೊಂದು ಮಗ್ಗದ ಸದ್ದು. ಆದರೆ ಇಚಲಕರಂಜಿಯ ಬಟ್ಟೆಯೆಂದ ಮಾತ್ರಕ್ಕೆ ಪ್ಯಾಂಟಿಗೆ ಆಗುತ್ತದೆಂದಲ್ಲ. ಆ ಊರು ಹೆಸರು ಮಾಡಿದ್ದು ಪಾಪ್ಲಿನ್, ಕೇಂಬ್ರಿಕ್, ಧೋತರಗಳಿಂದ. ಅವು ಅಂಗಿಯ ತೂಕದವು, ಚದರ ಮೀಟರಿಗೆ 100ರಿಂದ 150 ಗ್ರಾಂ. ಸೈಕಲ್ ಪ್ಯಾಂಟಿಗೆ ಬೇಕಾದದ್ದು 240ರಿಂದ 300 ಗ್ರಾಮಿನದು. ದಪ್ಪ ಜೀನ್ಸು 400 ದಾಟುತ್ತದೆ, ಇಲ್ಲಿನ ಏಪ್ರಿಲ್ ಬಿಸಿಲಿಗೆ ಅದು ಶಿಕ್ಷೆ. ತೂಕ ಕೇಳಿದರೆ ಅಂಗಡಿಯವರು ಮುಖ ನೋಡಬಹುದು. ಆಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು: ಕೈಬೆರಳು ಕಂಡರೆ ಬೇಡ.

ನೇಯ್ಗೆಯಲ್ಲಿ ಓರೆಗೆರೆ ಕಾಣುವ ಡ್ರಿಲ್ ಬಟ್ಟೆಯೇ ಇದಕ್ಕೆ ಸರಿ. ಸೈಕಲ್ ಮೇಲೆ ಊರೆಲ್ಲ ಸುತ್ತುತ್ತಿದ್ದ ಅಂಚೆಯವರು, ಪೇದೆಗಳು ತೊಟ್ಟಿದ್ದು ಅದೇ ಖಾಕಿ ಡ್ರಿಲ್. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ಖಾಕಿಗೆ ಹೆಸರಾದದ್ದು ಗೊತ್ತಿರುವ ಸಂಗತಿ. ಖಾಕಿಯ ಲಾಭ ಬೇರೆಯೂ ಇದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತಂದು ಬಡಿದಿರುತ್ತವೆ, ಆ ಧೂಳು ಖಾಕಿಯ ಮೇಲೆ ಅಷ್ಟಾಗಿ ಕಾಣದು. ಪೂರ್ತಿ ಹತ್ತಿಗಿಂತ ಹತ್ತಿ–ಪಾಲಿಯೆಸ್ಟರ್ ಬೆರಕೆ ಬೇಗ ಒಣಗುತ್ತದೆ, ಉಜ್ಜಾಟವನ್ನೂ ಹೆಚ್ಚು ತಡೆಯುತ್ತದೆ. ಶಾಲೆಯ ಯೂನಿಫಾರ್ಮಿಗೆ ಬಳಸುವ ಪಾಲಿಯೆಸ್ಟರ್–ವಿಸ್ಕೋಸ್ ಬಟ್ಟೆ ಅಗ್ಗ, ಇಸ್ತ್ರಿ ಚೆನ್ನಾಗಿ ನಿಲ್ಲುತ್ತದೆ. ಆದರೆ ವಿಸ್ಕೋಸ್ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಸೀಟಿನ ಜಾಗದಲ್ಲಿ ಬೇಗ ಜುಂಗು ಏಳುತ್ತದೆ. ಲೈಕ್ರಾ ನೂರಕ್ಕೆ ಒಂದೆರಡು ಪಾಲು ಇದ್ದರೆ ಮಂಡಿಗೆ ಹಿತ. ಅದಕ್ಕಿಂತ ಹೆಚ್ಚು ಹಿಗ್ಗುವ ಬಟ್ಟೆ ವರ್ಷದೊಳಗೆ ಮಂಡಿಯಲ್ಲಿ ಜೋಲುಬೀಳುತ್ತದೆ. ಹಿಗ್ಗುವ ಬಟ್ಟೆ ಕೆಟ್ಟ ಕಟಿಂಗನ್ನು ಸ್ವಲ್ಪ ದಿನ ಮುಚ್ಚಿಡುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

ಇಷ್ಟಾದ ಮೇಲೆ ಟೈಲರು. ಸಾಂಗ್ಲಿಯ ಮಾರುತಿ ರಸ್ತೆ, ಹರಭಟ್ ರಸ್ತೆಗಳಲ್ಲಿ ರೆಡಿಮೇಡ್ ಅಂಗಡಿಗಳ ಸಾಲೇ ಇದೆ. ಆದರೂ ದಿನಾ ಹತ್ತು–ಇಪ್ಪತ್ತು ಕಿಲೋಮೀಟರು ತುಳಿಯುವವರಿಗೆ ಹೊಲಿಸಿದ ಪ್ಯಾಂಟೇ ಮೇಲು, ಏಕೆಂದರೆ ಬೇಕಾದ ಬದಲಾವಣೆಗಳೆಲ್ಲ ಕತ್ತರಿ ಹಾಕುವ ಮೊದಲೇ ಆಗಬೇಕಾದವು. ದೊಡ್ಡ ಪನ್ನಾದ ಬಟ್ಟೆ ಒಂದೂಕಾಲು ಮೀಟರು ಸಾಕು ಎನ್ನುವಲ್ಲಿ ಒಂದೂವರೆ ಕೊಳ್ಳಬೇಕು. ಹೆಚ್ಚಿನದರಲ್ಲಿ ಚೌಕದ ತುಂಡೂ ಆಗುತ್ತದೆ, ಮುಂದಿನ ತೇಪೆಗೂ ಉಳಿಯುತ್ತದೆ. ಹತ್ತಿ ಬಟ್ಟೆಯಾದರೆ ರಾತ್ರಿ ನೆನೆಹಾಕಿ ಒಣಗಿಸಿಯೇ ಕೊಡಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಅಳತೆ ಕೆಡುತ್ತದೆ.

ಅಳತೆ ಕೊಡುವಾಗ ಒಮ್ಮೆ ನಿಂತು, ಒಮ್ಮೆ ಸ್ಟೂಲಿನ ಮೇಲೆ ಮುಂದೆ ಬಾಗಿ ಕೂತು ಕೊಡಬೇಕು. ಟೈಲರು ನಕ್ಕರೆ ನಗಲಿ. ಹಿಂಬದಿಯ ಸೊಂಟ ಒಂದು–ಒಂದೂವರೆ ಇಂಚು ಎತ್ತರ ಬೇಕೆಂದು, ತೊಡೆ–ಮಂಡಿಯಲ್ಲಿ ಸಡಿಲ ಬಿಟ್ಟು ಬಾಟಮ್ಮಿನಲ್ಲಿ ಮಾತ್ರ ಕಿರಿದು ಮಾಡಬೇಕೆಂದು ಹೇಳಬೇಕು. ಕಾಲಂಚಿನ ಸುತ್ತಳತೆ 13–14 ಇಂಚಿದ್ದರೆ ಹಿಮ್ಮಡಿಯೂ ತೂರುತ್ತದೆ, ಚೈನೂ ಹಿಡಿಯದು. ನಮ್ಮ ಟೈಲರುಗಳು ನಡುಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾರೆ, ಮುಂದೆ ಹೊಟ್ಟೆ ಬಂದರೆ ಬಿಚ್ಚಿ ದೊಡ್ಡದು ಮಾಡಲೆಂದು. ಮೇಲ್ಗಡೆ ಅದು ಇರಲಿ. ಕೂರುವ ಜಾಗದಲ್ಲಿ ಆ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಳುಮಾಡದಿದ್ದರೆ ಅದೇ ಚುಚ್ಚುತ್ತದೆ. ಅಲ್ಲಿ ಪಾಲಿಯೆಸ್ಟರ್ ದಾರದಲ್ಲಿ ಎರಡು ಸಲ ಹೊಲಿಗೆ ಬೀಳಲಿ. ಹತ್ತಿಯ ದಾರ ಬೆವರಿಗೆ ಬೇಗ ಸೋಲುತ್ತದೆ. ಹಿಂದಿನ ಜೇಬು ಒಂದೇ ಸಾಕು, ಅದೂ ಗುಂಡಿ ಇದ್ದದ್ದು. ಮೊಬೈಲಿಗೆ ತೊಡೆಯ ಹೊರಮಗ್ಗುಲಲ್ಲಿ ಜಿಪ್ಪಿನ ಜೇಬು ಹಾಕಿಸಿದರೆ ಮಂಡಿ ಎತ್ತಿದಾಗ ಹೊಟ್ಟೆಗೆ ಒತ್ತುವುದು ತಪ್ಪುತ್ತದೆ.

ಹೆಣ್ಣುಮಕ್ಕಳ ಉಡುಪಿನ ಲೆಕ್ಕ ಸ್ವಲ್ಪ ಬೇರೆ. ಯುರೋಪ್–ಅಮೆರಿಕದ ಹೆಂಗಸರು 1890ರ ದಶಕದಲ್ಲಿ ಸೈಕಲ್ಲಿಗಾಗಿ ಚಡ್ಡಿಯಂಥ ಅಗಲ ಬ್ಲೂಮರ್ ತೊಟ್ಟಾಗ ಪತ್ರಿಕೆಗಳಲ್ಲಿ ಗುಲ್ಲೋ ಗುಲ್ಲು. ಕರ್ನಾಟಕದಲ್ಲಿ 2006–07ರಲ್ಲಿ ಸರ್ಕಾರಿ ಸೈಕಲ್ ಕೊಡುವ ಯೋಜನೆ ಬಂದ ಮೇಲೆ ಕಾಗವಾಡ, ಅಥಣಿಯ ಕಡೆ ಹೈಸ್ಕೂಲಿನ ಹುಡುಗಿಯರು ಯೂನಿಫಾರ್ಮಿನ ಸಲ್ವಾರಿನಲ್ಲೇ ತುಳಿದರು, ಗುಲ್ಲೇನೂ ಏಳಲಿಲ್ಲ. ಉಡುಪೇ ಅನುಕೂಲವಾಗಿತ್ತು. ಈಗ ಅದರ ಜಾಗಕ್ಕೆ ಲೆಗಿಂಗ್ಸ್ ಬಂದಿದೆ: ತುಳಿಯಲು ಸಲೀಸು, ಆದರೆ ತೆಳ್ಳಗಿನ ಹೆಣೆದ ಬಟ್ಟೆ ಸೀಟಿನ ಉಜ್ಜಾಟಕ್ಕೆ ತಿಂಗಳುಗಳಲ್ಲೇ ಜರಡಿಯಾಗುತ್ತದೆ. ಪಲಾಝೋ ಅಂತೂ ಸೈಕಲ್ಲಿಗೆ ಸಲ್ಲದು, ತೂಗುವ ದುಪಟ್ಟಾ ಅದಕ್ಕಿಂತಲೂ ಅಪಾಯ.

ವಿಜಯಪುರ, ಬಾಗಲಕೋಟೆಯ ಸೈಕಲ್ ಸ್ಪರ್ಧಾಳುಗಳು ತೊಡುವ ಪ್ಯಾಡ್ ಇರುವ ಬಿಗಿ ಚಡ್ಡಿ ಗಂಟೆಗಟ್ಟಲೆ ಬಾಗಿ ತುಳಿಯುವವರದು. ಬ್ಯಾಂಕಿಗೆ, ಕಾಲೇಜಿಗೆ ಹೋಗುವವರಿಗೆ ಬೇಕಿಲ್ಲ. ಅದಕ್ಕೆ ಕೊಡುವ ಹಣದಲ್ಲಿ ಮೊದಲು ಸೈಕಲ್ಲಿನ ಸೀಟು ಬದಲಿಸುವುದು ಲೇಸು. ರೆಕ್ಸಿನ್ ಬಿರಿದ ಸೀಟು ಮರಳುಕಾಗದದಂತೆ ಕೆಲಸ ಮಾಡುತ್ತದೆ. ಸೀಟು ಅತಿ ಎತ್ತರವಿದ್ದರೂ ತೊಂದರೆಯೇ: ಪೆಡಲು ಎಟುಕದೆ ಸೊಂಟ ಅತ್ತಿತ್ತ ಹೊರಳುತ್ತದೆ, ಒಂದಕ್ಕೆರಡು ಉಜ್ಜಾಟವಾಗುತ್ತದೆ. ಪೂರ್ತಿ ಚೈನ್ ಕವರ್ ಇರುವ ಹಳೇ ಸೈಕಲ್ಲಿನವರಿಗೆ ಕಾಲಂಚಿನ ಚಿಂತೆ ಕಡಿಮೆ. ಕವರಿಲ್ಲದ ಹೊಸ ಗೇರ್ ಸೈಕಲ್ಲಿನವರು ಬಲಗಾಲಿನ ಅಂಚನ್ನು ಸಾಕ್ಸಿಗೆ ಸಿಕ್ಕಿಸಿಕೊಳ್ಳಬೇಕು, ಅಥವಾ ವೆಲ್ಕ್ರೋ ಪಟ್ಟಿ ಸುತ್ತಬೇಕು.

ಇನ್ನು ಕಲೆ. ಚೈನಿನ ಕಪ್ಪು ಎಂದರೆ ಗ್ರೀಸಿನ ಜೊತೆ ಕಬ್ಬಿಣದ ಪುಡಿ. ಅದಕ್ಕೆ ನೀರು ತಾಗಿಸುವ ಮೊದಲೇ ಪಾತ್ರೆ ತೊಳೆಯುವ ದ್ರವ ಹಚ್ಚಿ ಉಜ್ಜಬೇಕು. ಸಾಂಗ್ಲಿಯದೇ ಆದ ಕಲೆ ಇನ್ನೊಂದಿದೆ. 2018ರಲ್ಲಿ ಜಿಐ ಪಡೆದ ಇಲ್ಲಿನ ಅರಿಶಿನ ಮಾರ್ಕೆಟ್ ಯಾರ್ಡಿನ ಸುತ್ತ ಓಡಾಡುವವರ ಬಟ್ಟೆಗೆ ಅಂಟಿಯೇ ಅಂಟುತ್ತದೆ. ಸೋಪು ಹಚ್ಚಿದರೆ ಹಳದಿ ಕೆಂಪಾಗುತ್ತದೆ, ನೋಡಿದವರು ಗಾಬರಿಯಾಗಿ ಬ್ಲೀಚ್ ಸುರಿಯುತ್ತಾರೆ. ಬ್ಲೀಚಿಗೆ ಹಾಳಾಗುವುದು ಮೊದಲು ಲೈಕ್ರಾ ಎಳೆ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಸಹಜ. ತೊಳೆದು ಬಿಸಿಲಿಗೆ ಹಾಕಿದರೆ ದಿನೇ ದಿನೇ ಬಣ್ಣ ತಾನೇ ಕರಗುತ್ತದೆ.

ಹೀಗೆ ಒಣಹಾಕುವಾಗಲೇ ಪ್ಯಾಂಟನ್ನು ಒಳಹೊರಗು ಮಾಡಿ, ಕೂರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಬಹುದು. ಬಟ್ಟೆ ತೆಳುವಾಗಿ ಬೆಳಕು ತೂರುತ್ತಿದ್ದರೆ, ಹರಿಯುವ ಮೊದಲೇ, ಉಳಿಸಿಟ್ಟ ತುಂಡನ್ನು ಒಳಗಿನಿಂದ ಕೊಟ್ಟು ಒತ್ತೊತ್ತಾಗಿ ಮಷಿನ್ ಹೊಲಿಗೆ ಹಾಕಿಸಬೇಕು. ಆಲ್ಟರೇಷನ್ ಅಂಗಡಿಯಲ್ಲಿ ಅದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಹರಿದ ಮೇಲೆ ಹೋದರೆ ಅದೇ ತೇಪೆಗೆ ಹೊಲಿಗೆ ಹಿಡಿಯಲು ಗಟ್ಟಿ ಬಟ್ಟೆ ಸಿಗುವುದಿಲ್ಲ.