ಒಂದೇ ಆಂಟೆನಾದ ಎರಡು ಕಾರ್ಯ: ರಿಪೀಟರಿಗೆ ತಕ್ಕ ಡುಪ್ಲೆಕ್ಸರ್

ಕೈಯಲ್ಲಿ ಹಿಡಿಯುವ 5 ವಾಟಿನ ವಾಕಿಟಾಕಿಯ ಧ್ವನಿ ಬಯಲುಸೀಮೆಯಲ್ಲಿ ಕೆಲವೇ ಮೈಲಿಗಳೊಳಗೆ ಸೋತುಹೋಗುವುದಾದರೂ, 1478 ಮೀಟರ್ ಎತ್ತರದ ನಂದಿಬೆಟ್ಟದಂತಹ ಶಿಖರದ ಮೇಲೆ ಅದನ್ನು ಆಲಿಸಿ, ಬಲಪಡಿಸಿ, ಒಡನೆಯೇ ಮತ್ತೆ ಬಿತ್ತರಿಸುವ ರಿಪೀಟರ್ ಯಂತ್ರವೊಂದಿದ್ದರೆ, ಆ ಔನ್ನತ್ಯದ ದೆಸೆಯಿಂದ ಅದೇ ಧ್ವನಿ ಹತ್ತಾರು ಮೈಲಿ ಆಚೆಯವರನ್ನೂ ಮುಟ್ಟಬಲ್ಲುದು. ಹವ್ಯಾಸಿ ರೇಡಿಯೋ ಬಳಗದವರು ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ಇಂತಹ ಯಂತ್ರವನ್ನು ಸ್ಥಾಪಿಸುವಾಗ, ಕೇಳುವ ಆವೃತ್ತಿಗೂ ನುಡಿಯುವ ಆವೃತ್ತಿಗೂ ನಡುವೆ 600 ಕಿಲೋಹರ್ಟ್ಸ್ ಅಂತರವನ್ನಿಡುವುದು ವಾಡಿಕೆ, 145.1ರಲ್ಲಿ ಕೇಳಿದುದನ್ನು 145.7ರಲ್ಲಿ ನುಡಿಯುವುದೆಂದು ಇಟ್ಟುಕೊಳ್ಳೋಣ. ಈ ಎರಡು ಕಾರ್ಯಗಳೂ ಏಕಕಾಲದಲ್ಲಿ, ಒಂದೇ ಆಂಟೆನಾದ ಮೂಲಕ ನಡೆಯಬೇಕಾಗಿರುವುದರಿಂದ ಡುಪ್ಲೆಕ್ಸರ್ ಎಂಬ ಸಾಧನ ಅನಿವಾರ್ಯವಾಗುತ್ತದೆ.

ಪ್ರೇಷಕವು 50 ವಾಟ್ ಶಕ್ತಿಯನ್ನು ಹೊರಸೂಸುತ್ತಿರುವಾಗಲೇ ಅದರ ಮಗ್ಗುಲಿನ ಗ್ರಾಹಕವು ಕಾಲು ಮೈಕ್ರೋವೋಲ್ಟಿನಷ್ಟು ಕ್ಷೀಣವಾದ ಸಂಕೇತವನ್ನು ಗ್ರಹಿಸಬೇಕು. ಇವೆರಡರ ಶಕ್ತಿಗಳ ನಿಷ್ಪತ್ತಿಯನ್ನು ಬರೆಯಹೊರಟರೆ 4ರ ಮುಂದೆ 16 ಸೊನ್ನೆಗಳನ್ನಿಡಬೇಕಾಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 166. ಇಲ್ಲಿ ತಲೆದೋರುವ ಕೇಡು ಒಂದಲ್ಲ, ಎರಡು. ಪ್ರೇಷಕದ ಪ್ರಬಲ ತರಂಗವೇ ಗ್ರಾಹಕದೊಳಕ್ಕೆ ನುಗ್ಗಿ ಅದನ್ನು ಮಂಕುಗೊಳಿಸುವುದು ಮೊದಲನೆಯದು. ಗ್ರಾಹಕದ ಕಡೆಯ ಶೋಧಕಗಳು 145.7ನ್ನು ತಡೆದರೆ ಅದು ಪರಿಹಾರವಾಯಿತು. ಎರಡನೆಯದು ಸೂಕ್ಷ್ಮತರವಾದುದು. ಯಾವ ಪ್ರೇಷಕವೂ ತನ್ನ ಆವೃತ್ತಿಯೊಂದರಲ್ಲಿಯೇ ನಿಷ್ಕಳಂಕವಾಗಿ ನುಡಿಯುವುದಿಲ್ಲ. ಇಕ್ಕೆಲಗಳಲ್ಲಿಯೂ ಮಂದವಾದ ಗದ್ದಲವೊಂದು ಹರಡಿಕೊಂಡಿದ್ದು, ಅದರ ಒಂದಂಶ 145.1ರ ಮೇಲೆಯೇ ಬೀಳುತ್ತದೆ. ಗ್ರಾಹಕವು ಕೇಳಬೇಕಾದ ಆವೃತ್ತಿಯೂ ಅದೇ ಆದುದರಿಂದ, ಗ್ರಾಹಕದ ಕಡೆಯಲ್ಲಿ ಎಂತಹ ಶೋಧಕವನ್ನಿಟ್ಟರೂ ಆ ಗದ್ದಲವನ್ನು ಸಂಕೇತದಿಂದ ಬಿಡಿಸಲಾಗದು; ಹುಟ್ಟಿದೆಡೆಯಲ್ಲಿಯೇ, ಎಂದರೆ ಪ್ರೇಷಕದ ಕಡೆಯಲ್ಲಿಯೇ, ಅದನ್ನಡಗಿಸಬೇಕು. ಡುಪ್ಲೆಕ್ಸರಿಗೆ ಎರಡು ತೋಳುಗಳಿರುವುದರ ಮರ್ಮವಿದು. ಒಂದೊಂದು ತೋಳೂ 80ರಿಂದ 90 ಡೆಸಿಬೆಲ್ ತಡೆಯನ್ನೊಡ್ಡಬೇಕು. ಮಿಕ್ಕುದನ್ನು ಗ್ರಾಹಕದ ಸ್ವಂತ ಆಯ್ಕೆಶಕ್ತಿ ನೋಡಿಕೊಳ್ಳುತ್ತದೆ.

ಆ ತೋಳುಗಳೆಂದರೆ ಸಾಲಾಗಿ ನಿಲ್ಲಿಸಿದ ಲೋಹದ ಕೊಳವೆಗಳು. ಪ್ರತಿಯೊಂದರ ನಡುವೆ ತರಂಗದೂರದ ಕಾಲುಭಾಗದಷ್ಟು, ಈ ಪಟ್ಟಿಯಲ್ಲಿ ಸುಮಾರು 52 ಸೆಂಟಿಮೀಟರ್ ಉದ್ದದ ದಂಡವಿದ್ದು, ಅದು ತನ್ನದೇ ಆವೃತ್ತಿಗೆ ಮಾತ್ರ ಅನುರಣಿಸುತ್ತದೆ. ಬಿಸಿಲಿಗೆ ದಂಡ ಹಿಗ್ಗಿದರೆ ಶ್ರುತಿ ಜಾರಿತೆಂದೇ ತಿಳಿಯಬೇಕು. ಆದಕಾರಣ ಒಳ್ಳೆಯ ತಯಾರಕರು ಶ್ರುತಿಯ ಕಡ್ಡಿಗೆ ಇನ್ವಾರ್ ಎಂಬ, ಉಕ್ಕಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಹಿಗ್ಗುವ, ಮಿಶ್ರಲೋಹವನ್ನು ಬಳಸುತ್ತಾರೆ. 1896ರಲ್ಲಿ ಅದನ್ನು ಕಂಡುಹಿಡಿದ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ಆವೃತ್ತಿಗಳ ಅಂತರವನ್ನು. ಅಗ್ಗಕ್ಕೆ ದೊರೆಯುವ ಚಪ್ಪಟೆಯ ಪೆಟ್ಟಿಗೆಗಳು ಐದಾರು ಮೆಗಾಹರ್ಟ್ಸ್ ಅಂತರಕ್ಕಾಗಿ ರಚಿತವಾದವು. 600 ಕಿಲೋಹರ್ಟ್ಸ್‌ಗೆ ಅವು ನಿರುಪಯುಕ್ತ. ಮೇಲಾಗಿ, ಅವು ಒಂದು ಆವೃತ್ತಿಯನ್ನು ತಡೆಯಬಲ್ಲುವಷ್ಟೇ. ಎಫ್‌ಎಂ ಕೇಂದ್ರವೋ ಮೊಬೈಲ್ ಗೋಪುರವೋ ನೆರೆಯಲ್ಲಿರುವ ಬೆಟ್ಟದ ಮೇಲಾದರೆ, ತಡೆಯುವುದರೊಡನೆ ತನ್ನದನ್ನು ಮಾತ್ರವೇ ಒಳಬಿಡುವ ಬಗೆಯ ಕೊಳವೆಗಳನ್ನೇ ಆರಿಸಬೇಕು. ಹಾದುಹೋಗುವಾಗ ಒಂದೂವರೆ ಡೆಸಿಬೆಲ್ ನಷ್ಟವಾಗಿ 50 ವಾಟ್ 35ಕ್ಕೆ ಇಳಿಯಿತೆಂದು ಕೊರಗುವವರುಂಟು. ಕೇಳುವವನಿಗೆ ಆ ಕೊರತೆ ಗೊತ್ತೇ ಆಗುವುದಿಲ್ಲ.

ನೆರೆಯ ಪ್ರೇಷಕಗಳಿಂದ ಇನ್ನೊಂದು ಉಪದ್ರವವೂ ಉಂಟು. ಪಕ್ಕದ ಗೋಪುರದ 146.3ರ ತರಂಗ ನಮ್ಮ ಪ್ರೇಷಕದೊಳಗೆ ಬಂದು ಬೆರೆತರೆ, 145.7ರ ಇಮ್ಮಡಿಯಿಂದ ಅದನ್ನು ಕಳೆದ ಶೇಷವಾದ 145.1 ಅಲ್ಲಿ ಹುಟ್ಟುತ್ತದೆ. ನಾವು ಕೇಳುವ ಆವೃತ್ತಿಯೇ ಅದು! ಶಕ್ತಿಯನ್ನು ಹೊರಗೆ ಬಿಟ್ಟು ಒಳಕ್ಕೆ ಬಿಡದ ಐಸೊಲೇಟರನ್ನು ಪ್ರೇಷಕಕ್ಕೂ ಡುಪ್ಲೆಕ್ಸರಿಗೂ ನಡುವೆ ಜೋಡಿಸುವುದು ಇದಕ್ಕೆ ಮದ್ದು.

ಕೇಬಲ್ಲಿನ ವಿಷಯದಲ್ಲಿ ಮಾತ್ರ ನಾನು ಹಟವಾದಿ. ಬೆಳ್ಳಿಯ ಲೇಪವುಳ್ಳ ಇಮ್ಮಡಿ ಹೆಣಿಗೆಯ ಆರ್‌ಜಿ-214ರಂತಹದನ್ನೇ ಬಳಸತಕ್ಕದ್ದು. ಒಂಟಿ ಹೆಣಿಗೆಯದು ಸೋರುತ್ತದೆ. ಅಲ್ಯೂಮಿನಿಯಂ ಹಾಳೆಯ ಮೇಲೆ ತಾಮ್ರದ ಹೆಣಿಗೆ ಹೊದಿಸಿದುದು, ವಿಜಾತೀಯ ಲೋಹಗಳ ಸ್ಪರ್ಶದಿಂದ, ತಾನೇ ಗದ್ದಲವನ್ನು ಹುಟ್ಟಿಸಬಲ್ಲುದು. ಕನೆಕ್ಟರುಗಳು ಎನ್ ಮಾದರಿಯವಿರಲಿ. ಕೊಳವೆಗಳನ್ನು ಕೂಡಿಸುವ ತುಂಡುಕೇಬಲ್ಲುಗಳ ಉದ್ದವೂ ಶ್ರುತಿಯ ಅಂಗವೇ ಆದುದರಿಂದ, ಅಂದಕ್ಕೆಂದು ಅವನ್ನು ಕತ್ತರಿಸಬಾರದು. ಸಿಡಿಲುನಿರೋಧಕವನ್ನು ಮರೆಯಬಾರದೆಂದು ಬೆಟ್ಟದ ಮೇಲಿರುವವರಿಗೆ ಹೇಳಬೇಕಾಗಿಲ್ಲ.

ಎಲ್ಲವನ್ನೂ ಜೋಡಿಸಿದ ಮೇಲೆ, ಕ್ಷೀಣವಾದ ಸಂಕೇತವೊಂದನ್ನು ಪ್ರೇಷಕ ಮೌನವಾಗಿದ್ದಾಗಲೊಮ್ಮೆ, ಪೂರ್ಣಶಕ್ತಿಯಿಂದ ನುಡಿಯುತ್ತಿರುವಾಗಲೊಮ್ಮೆ ಗ್ರಾಹಕದಲ್ಲಿ ಕೇಳಿ ನೋಡಿರಿ. ಎರಡು ಸಲವೂ ಒಂದೇ ತೆರನಾಗಿ ಕೇಳಿಸದಿದ್ದರೆ, ಹೆಚ್ಚಿನ ವಾಟಿನ ಪ್ರೇಷಕಕ್ಕೆ ಹಣ ಸುರಿಯುವ ಮೊದಲು ಡುಪ್ಲೆಕ್ಸರಿನ ಶ್ರುತಿಯನ್ನೂ ಕೇಬಲ್ಲುಗಳನ್ನೂ ಪರೀಕ್ಷಿಸಿರಿ.