ಹತ್ತು ವರ್ಷದ ಗಳಿಕೆ, ಇಂದಿನ ಬೆಲೆ

ಷೇರಿನ ಬೆಲೆಯನ್ನು ಕಂಪನಿಯು ಒಂದು ಷೇರಿಗೆ ಗಳಿಸಿದ ಲಾಭದಿಂದ ಭಾಗಿಸಿದರೆ ಬರುವುದೇ ಪಿಇ ಅನುಪಾತ. ಬೆಲೆ 200 ರೂಪಾಯಿ, ವರ್ಷದ ಗಳಿಕೆ ಷೇರಿಗೆ 10 ರೂಪಾಯಿ ಎಂದಾದರೆ ಪಿಇ 20. ವರ್ಷಕ್ಕೆ ಒಂದು ರೂಪಾಯಿ ಲಾಭ ತರುವ ಪಾಲಿಗೆ ಹೂಡಿಕೆದಾರ 20 ರೂಪಾಯಿ ತೆರುತ್ತಿದ್ದಾನೆ ಎಂದು ಇದರ ಅರ್ಥ. ಲೆಕ್ಕವೇನೋ ಸುಲಭ, ಪತ್ರಿಕೆಯ ವಾಣಿಜ್ಯ ಪುಟದಲ್ಲೂ ಮೊಬೈಲ್ ಆ್ಯಪ್‌ನಲ್ಲೂ ಸಿದ್ಧವಾಗಿಯೇ ಸಿಗುತ್ತದೆ. ತೊಡಕಿರುವುದು ಭಾಗಿಸುವ ಸಂಖ್ಯೆಯಲ್ಲಿ. ಬೆಲೆಯು ಮುಂದಿನ ಹಲವು ವರ್ಷಗಳ ನಿರೀಕ್ಷೆಯನ್ನು ಹೊತ್ತಿರುತ್ತದೆ, ಗಳಿಕೆ ಮಾತ್ರ ಕಳೆದ ಹನ್ನೆರಡು ತಿಂಗಳದ್ದು. ಆ ಹನ್ನೆರಡು ತಿಂಗಳು ಎಂದಿನಂತಿರದಿದ್ದರೆ ಅನುಪಾತವೂ ದಾರಿ ತಪ್ಪಿಸುತ್ತದೆ.

ಟಾಟಾ ಸ್ಟೀಲ್ ಇದಕ್ಕೆ ಒಳ್ಳೆಯ ಉದಾಹರಣೆ. ಉಕ್ಕಿನ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿದ್ದ 2021-22ರಲ್ಲಿ ಕಂಪನಿಯ ನಿವ್ವಳ ಲಾಭ 41,700 ಕೋಟಿ ರೂಪಾಯಿ ದಾಟಿತು. ಆ ಲಾಭದ ಮೇಲೆ ಷೇರಿನ ಪಿಇ ನಾಲ್ಕರ ಆಸುಪಾಸಿನಲ್ಲಿತ್ತು. ಬರಿಯ ಪಿಇ ನೋಡುವವರಿಗೆ ಇದಕ್ಕಿಂತ ಅಗ್ಗದ ಷೇರು ಇನ್ನೊಂದಿರಲಿಕ್ಕಿಲ್ಲ. ಮರುವರ್ಷ ಲಾಭ ಸುಮಾರು 8,000 ಕೋಟಿಗೆ ಇಳಿಯಿತು. 2023-24ರಲ್ಲಿ ಸುಮಾರು 4,900 ಕೋಟಿ ರೂಪಾಯಿ ನಷ್ಟವೇ ಆಯಿತು. ನಷ್ಟದ ವರ್ಷದಲ್ಲಿ ಪಿಇ ಎಂಬುದಕ್ಕೆ ಅರ್ಥವೇ ಇರುವುದಿಲ್ಲ. ಉಕ್ಕು, ಸಿಮೆಂಟ್, ಸಕ್ಕರೆ, ಲಾರಿ ತಯಾರಿಕೆಯಂಥ ಏರಿಳಿತದ ಉದ್ದಿಮೆಗಳಲ್ಲಿ ಈ ವಿಪರ್ಯಾಸ ಮತ್ತೆ ಮತ್ತೆ ಕಾಣುತ್ತದೆ: ಲಾಭ ತುತ್ತತುದಿಯಲ್ಲಿದ್ದಾಗ ಷೇರು ಅಗ್ಗವಾಗಿ ತೋರುತ್ತದೆ, ಲಾಭ ತಳಕಂಡಾಗ ವಿಪರೀತ ದುಬಾರಿಯಾಗಿ ತೋರುತ್ತದೆ. ಮಾವಿನ ತೋಟ ಕೊಳ್ಳುವವನು ಮೈತುಂಬ ಕಾಯಿ ಬಿಟ್ಟ ಒಂದೇ ವರ್ಷದ ಫಸಲಿನ ಮೇಲೆ ಬೆಲೆ ಕಟ್ಟಿದಂತಾಯಿತು ಇದು.

ಪರಿಹಾರ ಹೊಸದಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲಿ ‘ಸೆಕ್ಯುರಿಟಿ ಅನಾಲಿಸಿಸ್’ ಗ್ರಂಥವನ್ನು ಪ್ರಕಟಿಸಿದರು. 1929ರ ವಾಲ್ ಸ್ಟ್ರೀಟ್ ಕುಸಿತದಲ್ಲಿ ಗ್ರಹಾಂ ಸ್ವತಃ ಕೈ ಸುಟ್ಟುಕೊಂಡಿದ್ದವರು. ಒಂದು ವರ್ಷದ ಗಳಿಕೆಯನ್ನು ನೆಚ್ಚಬೇಡಿ, ಕಡಿಮೆಯೆಂದರೂ ಐದು, ಸಾಧ್ಯವಾದರೆ ಏಳರಿಂದ ಹತ್ತು ವರ್ಷಗಳ ಸರಾಸರಿ ನೋಡಿ ಎಂಬುದು ಅವರ ಸಲಹೆ. ಅಷ್ಟು ಅವಧಿಯಲ್ಲಿ ಒಂದು ಏರು, ಒಂದು ಇಳಿವು ಎರಡೂ ಬಂದುಹೋಗುತ್ತವೆ. ಉಳಿಯುವುದು ಕಂಪನಿಯ ನಿಜವಾದ ಗಳಿಕೆಯ ಶಕ್ತಿ. ಹಣದುಬ್ಬರದ ಲೆಕ್ಕ ಮಾತ್ರ ಅವರ ಸೂತ್ರದಲ್ಲಿರಲಿಲ್ಲ. ಅದರ ಹಿಂದಿನ ಕೆಲವು ವರ್ಷ ಅಮೆರಿಕದಲ್ಲಿ ಬೆಲೆಗಳು ಏರುವ ಬದಲು ಇಳಿದಿದ್ದುದನ್ನು ನೆನೆದರೆ ಅದು ಸಹಜವೇ.

ಬೆಲೆಗಳು ಸದಾ ಏರುವ ದೇಶದಲ್ಲಿ ಹತ್ತು ವರ್ಷದ ಹಿಂದಿನ ಹತ್ತು ರೂಪಾಯಿಯನ್ನು ಇಂದಿನ ಹತ್ತು ರೂಪಾಯಿಯ ಜೊತೆ ಹಾಗೆಯೇ ಕೂಡುವುದು ತಪ್ಪು. ಆದ್ದರಿಂದ ಹಿಂದಿನ ಪ್ರತಿ ವರ್ಷದ ಗಳಿಕೆಯನ್ನೂ ಮೊದಲು ಇಂದಿನ ರೂಪಾಯಿಗೆ ಪರಿವರ್ತಿಸಬೇಕು. ಇಂದಿನ ಬೆಲೆ ಸೂಚ್ಯಂಕವನ್ನು ಆ ವರ್ಷದ ಸೂಚ್ಯಂಕದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಆ ವರ್ಷದ ಗಳಿಕೆಯನ್ನು ಗುಣಿಸಿದರೆ ಕೆಲಸ ಮುಗಿಯಿತು. ಬಳಿಕ ಹತ್ತು ವರ್ಷಗಳ ಸರಾಸರಿ ತೆಗೆದು, ಇಂದಿನ ಷೇರು ಬೆಲೆಯನ್ನು ಅದರಿಂದ ಭಾಗಿಸಬೇಕು. ಹೀಗೆ ಬರುವ ಅನುಪಾತವನ್ನು ‘ಕೇಪ್’ ಎಂದೂ ಷಿಲ್ಲರ್ ಪಿಇ ಎಂದೂ ಕರೆಯುತ್ತಾರೆ.

ಕಾಲ್ಪನಿಕ ಕಂಪನಿಯೊಂದರ ಲೆಕ್ಕ ಹಾಕಿ ನೋಡಬಹುದು. ಹತ್ತು ವರ್ಷಗಳಲ್ಲಿ ಅದು ಷೇರಿಗೆ ಗಳಿಸಿದ್ದು ಕ್ರಮವಾಗಿ 10, 14, 6 ರೂಪಾಯಿ ನಷ್ಟ, 8, 20, 24, 5, 12, 30 ಮತ್ತು 40 ರೂಪಾಯಿ. ಹಣದುಬ್ಬರ ವರ್ಷಕ್ಕೆ ಶೇ 5ರಷ್ಟೇ ಇತ್ತೆಂದು ಇಟ್ಟುಕೊಳ್ಳೋಣ. ಮೊದಲ ವರ್ಷದ 10 ರೂಪಾಯಿ ಇಂದಿನ ಲೆಕ್ಕದಲ್ಲಿ ಸುಮಾರು 15 ರೂಪಾಯಿ 50 ಪೈಸೆಯಾಗುತ್ತದೆ. ಮೂರನೇ ವರ್ಷದ ನಷ್ಟವೂ ಹಾಗೆಯೇ ಹಿಗ್ಗಿ ಸುಮಾರು 8 ರೂಪಾಯಿ 44 ಪೈಸೆಯಾಗುತ್ತದೆ. ಹತ್ತನ್ನೂ ಪರಿವರ್ತಿಸಿ ಸರಾಸರಿ ತೆಗೆದರೆ 18 ರೂಪಾಯಿ 37 ಪೈಸೆ ಬರುತ್ತದೆ. ಷೇರಿನ ಬೆಲೆ 400 ರೂಪಾಯಿ ಇದ್ದರೆ ಕಳೆದ ವರ್ಷದ ಗಳಿಕೆಯ ಮೇಲೆ ಪಿಇ ಬರೀ 10. ಹತ್ತು ವರ್ಷದ ನೈಜ ಸರಾಸರಿಯ ಮೇಲೆ ಸುಮಾರು 22. ಹಣದುಬ್ಬರವನ್ನು ಕಡೆಗಣಿಸಿದ್ದರೆ ಅದೇ 25 ದಾಟುತ್ತಿತ್ತು, ಷೇರು ಇರುವುದಕ್ಕಿಂತ ದುಬಾರಿಯಾಗಿ ಕಾಣುತ್ತಿತ್ತು. ಈ 22ನ್ನು ತಲೆಕೆಳಗು ಮಾಡಿದರೆ ಬರುವ ಶೇ 4.5ರಷ್ಟನ್ನು ಹಣದುಬ್ಬರ ಕಳೆದ ಪ್ರತಿಫಲದ ಒರಟು ಅಂದಾಜು ಎಂದು ಬಳಸುವವರಿದ್ದಾರೆ. ಒರಟು ಎಂಬ ಮಾತನ್ನು ಇಲ್ಲಿ ಮರೆಯುವಂತಿಲ್ಲ.

ಈ ಅಳತೆಗೆ ಹೆಸರು ತಂದವರು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಷಿಲ್ಲರ್ ಮತ್ತು ಅವರೊಂದಿಗೆ ಕೆಲಸ ಮಾಡಿದ ಜಾನ್ ಕ್ಯಾಂಪ್‌ಬೆಲ್. 1988ರ ತಮ್ಮ ಸಂಶೋಧನೆಯಲ್ಲಿ ಇವರು ದೀರ್ಘಾವಧಿಯ ನೈಜ ಸರಾಸರಿಯನ್ನು ಒಂದು ಕಂಪನಿಗಲ್ಲ, ಇಡೀ ಅಮೆರಿಕನ್ ಷೇರುಪೇಟೆಗೆ ಅನ್ವಯಿಸಿದರು. ಲೆಕ್ಕ 1871ರಿಂದ ಆರಂಭವಾಗುತ್ತದೆ. ಅಲ್ಲಿಂದೀಚೆಗಿನ ದೀರ್ಘ ಸರಾಸರಿ ಸುಮಾರು 17. ಮಹಾಕುಸಿತಕ್ಕೆ ಮುಂಚೆ, 1929ರ ಸೆಪ್ಟೆಂಬರಿನಲ್ಲಿ ಅನುಪಾತ 32ರ ಮೇಲಿತ್ತು. ಹಣದುಬ್ಬರ, ಏರಿದ ಬಡ್ಡಿ ಎರಡರಿಂದಲೂ ಹೂಡಿಕೆದಾರರು ಬೇಸತ್ತಿದ್ದ 1982ರಲ್ಲಿ ಏಳಕ್ಕಿಂತ ಕೆಳಗಿಳಿದಿತ್ತು. ಮುಂದಿನ ಎರಡು ದಶಕಗಳ ಭಾರಿ ಗೂಳಿ ಓಟ ಶುರುವಾದದ್ದು ಅಲ್ಲಿಂದಲೇ. 1999ರ ಡಿಸೆಂಬರಿನಲ್ಲಿ ತಂತ್ರಜ್ಞಾನ ಷೇರುಗಳ ಹುಚ್ಚಿನಲ್ಲಿ 44 ಮುಟ್ಟಿತು.

1996ರ ಡಿಸೆಂಬರ್ 3ರಂದು ಕ್ಯಾಂಪ್‌ಬೆಲ್ ಮತ್ತು ಷಿಲ್ಲರ್ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಮಂಡಳಿಯ ಮುಂದೆ ತಮ್ಮ ಲೆಕ್ಕ ಇಟ್ಟರು: ಷೇರುಪೇಟೆ ಮಿತಿಮೀರಿ ದುಬಾರಿಯಾಗಿದೆ. ಎರಡು ದಿನಗಳ ನಂತರ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ವಿವೇಕ ಮೀರಿದ ಉತ್ಸಾಹದ ಬಗ್ಗೆ ಆಡಿದ ಮಾತು ಜಗತ್ತಿನ ಷೇರುಪೇಟೆಗಳನ್ನು ನಡುಗಿಸಿತು. ಆದರೆ ಪೇಟೆ ಬೀಳಲಿಲ್ಲ. ಆಗ 6,400ರ ಆಸುಪಾಸಿನಲ್ಲಿದ್ದ ಡೌ ಜೋನ್ಸ್ ಸೂಚ್ಯಂಕ 2000ದ ಜನವರಿಯಲ್ಲಿ 11,700 ದಾಟಿತು. ಎಚ್ಚರಿಕೆ ಕೇಳಿ ಮಾರಿದವರು ಮೂರು ವರ್ಷ ಕೈ ಹಿಸುಕಿಕೊಳ್ಳಬೇಕಾಯಿತು. ಕುಸಿತ ಬಂದ ಮೇಲೆ ಲೆಕ್ಕ ಸರಿಯೆನಿಸಿತು: 2009ರ ಮಾರ್ಚಿನಲ್ಲಿ ಅದೇ ಡೌ 6,500ರ ಹತ್ತಿರಕ್ಕೆ ಮರಳಿತ್ತು. ದುಬಾರಿ ಷೇರು ಎಷ್ಟು ಕಾಲ ದುಬಾರಿಯಾಗಿಯೇ ಉಳಿಯಬಹುದು ಎಂಬುದನ್ನು ಈ ಅನುಪಾತ ಹೇಳುವುದಿಲ್ಲ. ಮುಂದಿನ ಹತ್ತು ವರ್ಷದ ಪ್ರತಿಫಲದ ಬಗ್ಗೆ ಅದಕ್ಕೆ ಹೇಳಲು ಏನಾದರೂ ಇದೆ, ಮುಂದಿನ ವರ್ಷದ ಬಗ್ಗೆ ಹೆಚ್ಚುಕಡಿಮೆ ಏನೂ ಇಲ್ಲ.

ಅದು ನಿಜಕ್ಕೂ ಬೆಳಗಿದ್ದು 2009ರಲ್ಲಿ. ಹಿಂದಿನ ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಎಲ್ಲ ಕಂಪನಿಗಳ ಲಾಭ–ನಷ್ಟ ಕೂಡಿದರೆ ಉಳಿದದ್ದು ನಷ್ಟವೇ. ವಿಮಾ ಕಂಪನಿ ಎಐಜಿ ಒಂದರದ್ದೇ 60 ಶತಕೋಟಿ ಡಾಲರಿಗೂ ಹೆಚ್ಚು. ಗಳಿಕೆ ಹೀಗೆ ಕರಗಿದ್ದರಿಂದ ವಸಂತದ ಹೊತ್ತಿಗೆ ಮಾಮೂಲಿ ಪಿಇ ನೂರು ದಾಟಿತು. ಅದನ್ನು ನಂಬಿದವರಿಗೆ ಅಮೆರಿಕದ ಷೇರುಗಳು ಇತಿಹಾಸದಲ್ಲೇ ಅತಿ ದುಬಾರಿ. ಹತ್ತು ವರ್ಷದ ಸರಾಸರಿಯ ಲೆಕ್ಕದಲ್ಲಿ ಅನುಪಾತ 13ರ ಸುತ್ತ ಇತ್ತು, ಅಂದರೆ ದೀರ್ಘ ಸರಾಸರಿಗಿಂತ ಅಗ್ಗ. ಪೇಟೆಯ ತಳ ಅದೇ ಮಾರ್ಚಿನಲ್ಲಿ ಬಂದುಹೋಗಿತ್ತು.

ಇಡೀ ಪೇಟೆಗೆ ಹೊಂದುವ ಅಳತೆ ಒಂದೇ ಕಂಪನಿಗೆ ಅಷ್ಟೇ ಸಲೀಸಾಗಿ ಹೊಂದುವುದಿಲ್ಲ. ಐನೂರು ಕಂಪನಿಗಳ ಸೂಚ್ಯಂಕದಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭ ಸರಿದೂಗಿಸುತ್ತದೆ, ಸೋತವು ಹೊರಹೋಗಿ ಹೊಸವು ಬರುತ್ತವೆ. ಒಂಟಿ ಕಂಪನಿಗೆ ಆ ಆಸರೆ ಇಲ್ಲ. ಹತ್ತು ವರ್ಷದಲ್ಲಿ ಅದು ಬೇರೆಯದೇ ಕಂಪನಿಯಾಗಿರಬಹುದು.

ಬೆಂಗಳೂರಿನ ಇನ್ಫೊಸಿಸ್ ನೋಡಿದರೆ ಇದು ತಿಳಿಯುತ್ತದೆ. 2013-14ರಲ್ಲಿ ಅದರ ಲಾಭ ಸುಮಾರು 10,600 ಕೋಟಿ ರೂಪಾಯಿ. 2023-24ರಲ್ಲಿ ಸುಮಾರು 26,200 ಕೋಟಿ. ಹೀಗೆ ಏರುತ್ತಲೇ ಬಂದ ಗಳಿಕೆಯ ಸರಾಸರಿ ಇಂದಿನ ಗಳಿಕೆಗಿಂತ ಸದಾ ಹಿಂದೆಯೇ ಇರುತ್ತದೆ, ಹಾಗಾಗಿ ಷೇರು ಸದಾ ದುಬಾರಿಯಾಗಿಯೇ ತೋರುತ್ತದೆ. ಇದು ಅಳತೆಯ ದೋಷವೇ ಹೊರತು ಷೇರಿನದ್ದಲ್ಲ. ಇಂಥ ಕಂಪನಿಯನ್ನು ಉಕ್ಕಿನ ಕಂಪನಿಯ ಪಕ್ಕದಲ್ಲಿಟ್ಟು ತೂಗುವುದಕ್ಕಿಂತ, ಅದರದೇ ಹಿಂದಿನ ವರ್ಷಗಳ ಅನುಪಾತದೊಡನೆ ಹೋಲಿಸುವುದು ಲೇಸು. 2021ರ ಜುಲೈನಲ್ಲಿ ಪೇಟೆಗೆ ಬಂದಾಗ ನಷ್ಟದಲ್ಲೇ ಇದ್ದ ಜೊಮ್ಯಾಟೊದಂಥ ಕಂಪನಿಗಳಿಗೆ ಈ ವಿಧಾನ ಅನ್ವಯಿಸುವುದೇ ಇಲ್ಲ.

ಷೇರುಗಳ ಸಂಖ್ಯೆಯೂ ಒಂದೇ ಇರುವುದಿಲ್ಲ. ಇನ್ಫೊಸಿಸ್ 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. 2013ರ ಒಂದು ಷೇರು ಇಂದಿಗೆ ಎಂಟಾಗಿದೆ. ಟಾಟಾ ಸ್ಟೀಲ್ 2022ರ ಜುಲೈನಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಒಂದು ರೂಪಾಯಿಯ ಹತ್ತು ಷೇರುಗಳಾಗಿ ವಿಭಜಿಸಿತು. ಹಳೆಯ ವಾರ್ಷಿಕ ವರದಿಯ ಗಳಿಕೆಯನ್ನು ಈ ಪ್ರಮಾಣಕ್ಕೆ ಇಳಿಸದೆ ಸರಾಸರಿ ತೆಗೆದರೆ ಫಲಿತಾಂಶ ಹಾಸ್ಯಾಸ್ಪದವಾಗುತ್ತದೆ. ಬೈಬ್ಯಾಕ್‌ನ ಪರಿಣಾಮ ಇಷ್ಟು ಢಾಳಾಗಿ ಕಾಣದು. 2017ರಲ್ಲಿ ಇನ್ಫೊಸಿಸ್ 13,000 ಕೋಟಿ ರೂಪಾಯಿಯ ತನ್ನದೇ ಷೇರುಗಳನ್ನು ಮರಳಿ ಕೊಂಡಂತೆ, ಡಿವಿಡೆಂಡ್ ಬದಲು ಬೈಬ್ಯಾಕ್ ಮಾಡುವ ಕಂಪನಿಗಳಲ್ಲಿ ಷೇರುಗಳು ಕಡಿಮೆಯಾಗಿ ತಲಾ ಗಳಿಕೆ ಬೇಗ ಏರುತ್ತದೆ, ಹಳೆಯ ಸರಾಸರಿ ಇನ್ನಷ್ಟು ಹಿಂದೆ ಬೀಳುತ್ತದೆ. ಷಿಲ್ಲರ್ ಅವರೇ ಇದನ್ನು ಒಪ್ಪಿ, ಡಿವಿಡೆಂಡನ್ನು ಮರುಹೂಡಿಕೆ ಮಾಡಿದಂತೆ ಲೆಕ್ಕ ಹಾಕುವ ಇನ್ನೊಂದು ರೂಪವನ್ನು ರಚಿಸಿದರು.

ದೊಡ್ಡ ವಾದ ನಡೆದಿರುವುದು ಲಾಭ ಎಂದರೆ ಯಾವುದು ಎಂಬುದರ ಮೇಲೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಜೆರೆಮಿ ಸೀಗಲ್ ಈ ಅನುಪಾತದ ಪ್ರಮುಖ ಟೀಕಾಕಾರರು. 1990ರ ದಶಕದಿಂದೀಚೆಗೆ ಅಮೆರಿಕದ ಲೆಕ್ಕಪತ್ರ ನಿಯಮಗಳು ಬದಲಾಗಿ, ಆಸ್ತಿಯ ಮೌಲ್ಯ ಕುಸಿದರೆ ಅದನ್ನು ಕೂಡಲೇ ನಷ್ಟವೆಂದು ತೋರಿಸಬೇಕಾಯಿತು. ಏರಿದರೆ ಲಾಭವೆಂದು ತೋರಿಸುವುದು ಅಷ್ಟು ಸುಲಭವಲ್ಲ. 2002ರಲ್ಲಿ ಎಒಎಲ್ ಟೈಮ್ ವಾರ್ನರ್ ತೋರಿಸಿದ ಸುಮಾರು 99 ಶತಕೋಟಿ ಡಾಲರ್ ನಷ್ಟದ ಬಹುಪಾಲು ಇಂಥದ್ದೇ. ಈ ಒಂದು ಕಂಪನಿಯ ಕಾಗದದ ನಷ್ಟ ಹತ್ತು ವರ್ಷ ಕಾಲ ಸೂಚ್ಯಂಕದ ಸರಾಸರಿಯನ್ನು ಕೆಳಗೆಳೆಯಿತು. 1990ರ ದಶಕದ ಆರಂಭದಿಂದ, 2008-09ರ ಬಿಕ್ಕಟ್ಟಿನ ಕೆಲವು ತಿಂಗಳುಗಳನ್ನು ಬಿಟ್ಟರೆ, ಅನುಪಾತ ಐತಿಹಾಸಿಕ ಸರಾಸರಿಗಿಂತ ಮೇಲೆಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂಬುದು ಸೀಗಲ್ ವಾದ. ಮೂವತ್ತು ವರ್ಷ ಪೇಟೆ ದುಬಾರಿ ಎನ್ನುತ್ತಲೇ ಬಂದ ಅಳತೆಗೋಲನ್ನೇ ಒಮ್ಮೆ ಪರೀಕ್ಷಿಸಬೇಕೆಂಬ ಮಾತಿನಲ್ಲಿ ಹುರುಳಿದೆ.

ಟಾಟಾ ಸ್ಟೀಲ್‌ನಲ್ಲೂ ಇದೇ ಪ್ರಶ್ನೆ. 2007ರಲ್ಲಿ ಸುಮಾರು 12 ಶತಕೋಟಿ ಡಾಲರಿಗೆ ಕೊಂಡ ಕೋರಸ್ ಕಂಪನಿಯ ಮೌಲ್ಯ ಕರಗಿದ್ದರಿಂದ 2012-13ರಲ್ಲಿ ಸುಮಾರು 7,000 ಕೋಟಿ ರೂಪಾಯಿ ನಷ್ಟ ದಾಖಲಾಯಿತು. 2017-18ರ ದೊಡ್ಡ ಲಾಭದಲ್ಲಿ ಬ್ರಿಟನ್ನಿನ ಪಿಂಚಣಿ ಯೋಜನೆಯ ಮರುರಚನೆಯಿಂದ ಬಂದ ಒಂದು ಬಾರಿಯ ಪಾಲಿತ್ತು. ಎರಡನ್ನೂ ತೆಗೆದುಹಾಕಬೇಕೆ? ಪಿಂಚಣಿಯ ಲಾಭ ಮರುಕಳಿಸುವಂಥದ್ದಲ್ಲ, ತೆಗೆಯಬಹುದು. ಕೋರಸ್ ನಷ್ಟವನ್ನು ಪೂರ್ತಿ ಅಳಿಸಿದರೆ ಮಾತ್ರ ಅತಿ ಬೆಲೆ ಕೊಟ್ಟು ಕಂಪನಿ ಕೊಳ್ಳುವುದು ವ್ಯಾಪಾರದ ಖರ್ಚೇ ಅಲ್ಲ ಎಂದಂತಾಗುತ್ತದೆ. ಅಲ್ಲದೆ 2022-23ರಲ್ಲಿ ಆ ನಷ್ಟದ ವರ್ಷ ಹತ್ತು ವರ್ಷದ ಚೌಕಟ್ಟಿನಿಂದ ತಾನಾಗಿಯೇ ಹೊರಬಿತ್ತು. ಕಾರ್ಖಾನೆಯಲ್ಲಿ ಏನೂ ಬದಲಾಗದೆ ಸರಾಸರಿ ಮೇಲೇರಿತು.

ಇದೇ ಕಂಪನಿಯಲ್ಲಿ ಇನ್ನೊಂದು ಸಂಗತಿಯೂ ಗಮನಾರ್ಹ. 2012-13ರಿಂದ 2016-17ರವರೆಗಿನ ಐದು ವರ್ಷಗಳಲ್ಲಿ ನಾಲ್ಕರಲ್ಲಿ ಅದು ನಷ್ಟ ಕಂಡಿತ್ತು. 2022ರಲ್ಲಿ ಪಿಇ ನಾಲ್ಕಕ್ಕೆ ಇಳಿದದ್ದೆಂದರೆ, ದಾಖಲೆಯ ಆ ಲಾಭ ನಿಲ್ಲುವುದಿಲ್ಲವೆಂದು ಪೇಟೆಗೆ ಗೊತ್ತಿತ್ತು. ವಿಭಜನೆಯ ಲೆಕ್ಕ ಹಿಡಿದರೆ, ನಷ್ಟದ 2024ರ ಮಾರ್ಚಿನಲ್ಲಿ ಷೇರಿನ ಬೆಲೆ ದಾಖಲೆ ಲಾಭದ 2022ರ ಮಾರ್ಚಿಗಿಂತ ಹೆಚ್ಚೇ ಇತ್ತು. ಅನುಭವಿ ಹೂಡಿಕೆದಾರರು ಸೂತ್ರ ಬರೆಯದೆಯೂ ಮನಸ್ಸಿನಲ್ಲೇ ಸರಾಸರಿ ತೆಗೆಯುತ್ತಿರುತ್ತಾರೆ. ಸೂತ್ರದಿಂದ ಹೆಚ್ಚು ಲಾಭವಿರುವುದು ಆ ಅಭ್ಯಾಸ ಇಲ್ಲದವರಿಗೆ.

ಭಾರತದಲ್ಲಿ ಈ ಲೆಕ್ಕ ಹಾಕುವವರು ಮೂರು ಕಡೆ ಎಡವಬಹುದು. ಮೊದಲನೆಯದು ಬೆಲೆ ಸೂಚ್ಯಂಕ. ಷೇರುದಾರನ ಕೊಳ್ಳುವ ಶಕ್ತಿಯನ್ನು ಅಳೆಯಲು ಸಗಟು ಸೂಚ್ಯಂಕಕ್ಕಿಂತ ಗ್ರಾಹಕ ಬೆಲೆ ಸೂಚ್ಯಂಕವೇ ಸೂಕ್ತ. ಆದರೆ ಗ್ರಾಮ, ನಗರ ಎರಡನ್ನೂ ಒಳಗೊಂಡ ಸರಣಿ ಸಿಗುವುದು 2011ರ ಜನವರಿಯಿಂದ. ಅದಕ್ಕೂ ಹಿಂದಿನ ವರ್ಷಗಳಿಗೆ ತುಟ್ಟಿಭತ್ಯೆ ಲೆಕ್ಕಕ್ಕೆ ಬಳಸುವ ಕೈಗಾರಿಕಾ ಕಾರ್ಮಿಕರ ಸೂಚ್ಯಂಕವೇ ಗತಿ. ಎರಡನೆಯದು, ಗಳಿಕೆ ಮೂಲ ಕಂಪನಿಯದ್ದು ಮಾತ್ರವೋ ಅಂಗಸಂಸ್ಥೆಗಳನ್ನು ಸೇರಿಸಿದ್ದೋ ಎಂಬುದು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 2021ರ ಮಾರ್ಚ್ ಕೊನೆಗೆ ನಿಫ್ಟಿಯ ಲೆಕ್ಕವನ್ನು ಮೊದಲನೆಯದರಿಂದ ಎರಡನೆಯದಕ್ಕೆ ಬದಲಿಸಿದಾಗ ಪಿಇ ಏಕಾಏಕಿ 40ರ ಆಸುಪಾಸಿನಿಂದ 33ರ ಆಸುಪಾಸಿಗೆ ಇಳಿಯಿತು, ಷೇರುಗಳೇನೂ ಅಗ್ಗವಾಗಿರಲಿಲ್ಲ. ಮೂರನೆಯದು, 2016-17ರಿಂದ ದೊಡ್ಡ ಕಂಪನಿಗಳಿಗೆ ಕಡ್ಡಾಯವಾದ ಇಂಡ್ ಎಎಸ್ ಲೆಕ್ಕಪದ್ಧತಿ. ಆ ಗೆರೆಯ ಆಚೀಚಿನ ಲಾಭಗಳು ಒಂದೇ ರೀತಿ ಎಣಿಸಿದವಲ್ಲ. ಹೊಸ ಪದ್ಧತಿಗೆ ಬಂದ ವರ್ಷದ ವರದಿಯಲ್ಲಿ ಅದರ ಹಿಂದಿನ ವರ್ಷದ ಲೆಕ್ಕವನ್ನೂ ಹೊಸ ರೀತಿಯಲ್ಲೇ ಕೊಟ್ಟಿರುತ್ತಾರೆ. ಹಳೆಯ ವರದಿಯ ಸಂಖ್ಯೆಗಿಂತ ಸರಾಸರಿಗೆ ಸೇರಬೇಕಾದದ್ದು ಅದೇ.